ನನ್ನದಲ್ಲದ ಹೊಳೆ

ಆಟದೊಳಗಿನ ಒಂದು ಗೊಂಬೆಯ ಮೇಲೆ ಬುದ್ಧಿ ಇರುವ ಮನುಷ್ಯ ಇಷ್ಟೊಂದು ಸಿಟ್ಟಾಗುತ್ತಾನೇನು ಎಂದು ನೀವು ಕೇಳಬಹುದು. ಕೇಳಿರಿ. ನಾನು ಸಿಟ್ಟಾಗಿದ್ದೆ. ಒಂದು ಇಡೀ ಮಳೆಗಾಲ ಹೆಬ್ಬೆರಳು ನೋಯುವಂತೆ ಗುಂಡಿ ಒತ್ತಿ ಅವನನ್ನು ಗುಡ್ಡ ಹತ್ತಿಸಿದ್ದೆ, ಕಂದಕ ದಾಟಿಸಿದ್ದೆ, ಸತ್ತಾಗೆಲ್ಲ ಎಬ್ಬಿಸಿ ನಿಲ್ಲಿಸಿದ್ದೆ. ಕಡೆಗೆ ಅವನು ಕೈಕೊಟ್ಟ. ಅವನ ಬೆನ್ನಿಗೇ ನಮ್ಮ ಮನೆಯವರೂ ಎಂದೋ ಕೈಕೊಟ್ಟಿದ್ದರು ಎಂಬುದು ಹೊರಬಿತ್ತು. ಯಾರ ಮೇಲಿನ ಸಿಟ್ಟು ಎಲ್ಲಿ ಮುಗಿದು ಯಾರ ಮೇಲಿನದು ಎಲ್ಲಿ ಶುರುವಾಯಿತೋ ಈಗ ನನಗೇ ಗೊತ್ತಾಗುವುದಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ರಾಯಚೂರಿನ ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿ ನನ್ನ ಕೆಲಸ. ಬೆಳಗಿನಿಂದ ಮಂದಿಯ ತೋಳಿಗೆ ಸೂಜಿ ಚುಚ್ಚುವುದು, ಅವರು "ಮೆಲ್ಲಕ ಚುಚ್ಚರಿ" ಎಂದು ಮುಖ ಕಿವುಚುವುದು, ಸಣ್ಣ ನಳಿಕೆಯ ಮೇಲೆ ಹೆಸರಿನ ಚೀಟಿ ಅಂಟಿಸುವುದು. ಸಂಜೆ ರೂಮಿಗೆ ಬರುವಷ್ಟರಲ್ಲಿ ಮನುಷ್ಯರ ಸಹವಾಸವೇ ಸಾಕಾಗಿರುತ್ತದೆ. ಜೊತೆಗೆ ಕೆಲಸ ಮಾಡುವವನೊಬ್ಬ ಮದುವೆ ಗೊತ್ತಾದ ಕೂಡಲೇ, ಇನ್ನು ಇದಕ್ಕೆಲ್ಲಿ ಪುರಸೊತ್ತು ಎಂದು, ಟಿವಿಗೆ ಹಚ್ಚಿ ಆಡುವ ತನ್ನ ಗೇಮಿನ ಪೆಟ್ಟಿಗೆಯನ್ನು ನನಗೆ ದಾಟಿಸಿದ. ಅದರ ಜೊತೆಗೆ ಬಂದದ್ದು ಈ ಆಟ.

ಆಟದ ಕಥೆ ಇಷ್ಟೇ. ಗುಡ್ಡದ ಮೇಲೊಂದು ಕೋಟೆ, ಕೋಟೆಯಲ್ಲಿ ಒಂದು ದೊಡ್ಡ ಗಂಟೆ. ವೈರಿಗಳು ಬಂದು ಕೋಟೆಗೆ ಬೆಂಕಿ ಇಡುತ್ತಾರೆ. ಎಲ್ಲರೂ ಸಾಯುತ್ತಿರುವಾಗ ಗಂಟೆ ಬಾರಿಸುವವನ ಸಣ್ಣ ಮಗ ಗಂಟೆಯ ಹಗ್ಗ ಹಿಡಿದು ಗೋಡೆಯಾಚೆ ಜೋತುಬಿದ್ದು ಜೀವ ಉಳಿಸಿಕೊಳ್ಳುತ್ತಾನೆ. ದೊಡ್ಡವನಾದ ಮೇಲೆ ಕೋಟೆ ಸುಟ್ಟವರನ್ನು ಹುಡುಕಿಕೊಂಡು ದೇಶ ತಿರುಗುತ್ತಾನೆ. ಅವನೇ ನಮ್ಮ ನಾಯಕ. ನೀನು ಯಾರು ಎಂದು ಯಾರಾದರೂ ಕೇಳಿದರೆ ಅವನದು ಒಂದೇ ಮಾತು: ನಾನು ಗಂಟೆಯವನ ಮಗ, ಹಗ್ಗ ಹಿಡಿದು ಬದುಕಿದವನು. ಆಗಾಗ ಆ ಹೊತ್ತು ಅವನ ಕಣ್ಣಮುಂದೆ ಬರುತ್ತದೆ. ಬೆಂಕಿ, ತಾಯಿಯ ಕೂಗು, ಅಂಗೈಯಲ್ಲಿ ಒರಟು ಹಗ್ಗ. ಹಾಗೆ ನೆನಪಾದಾಗಲೆಲ್ಲ ಅವನ ಕತ್ತಿಗೆ ಬಲ ಹೆಚ್ಚುತ್ತದೆ. ಆಟದ ನಿಯಮವೇ ಅದು.

ಇಂಥವನು ನನಗೆ ಹಿಡಿಸದೆ ಇನ್ನಾರಿಗೆ ಹಿಡಿಸಬೇಕು? ನಾನೂ ಹಾಗೆ ಬದುಕಿದವನೇ ಎಂದು ತಿಳಿದಿದ್ದೆ.

ನನಗೆ ಮೂರು ವರ್ಷವಿದ್ದಾಗ ನಾವು ದೇವದುರ್ಗದಲ್ಲಿದ್ದೆವಂತೆ. ಒಂದು ಅಮಾವಾಸ್ಯೆಗೆ ಹತ್ತಿರದ ಗೂಗಲ್ ಎಂಬ ಹಳ್ಳಿಯ ಅಲ್ಲಮಪ್ರಭುವಿನ ಗುಡಿಗೆ ಹೋದಾಗ ಅವ್ವ ಹೊಳೆಯ ದಂಡೆಯಲ್ಲಿ ಬಟ್ಟೆ ಹಿಂಡುತ್ತಿದ್ದಳು. ನಾನು ಕಲ್ಲಿನ ಮೇಲಿಂದ ಜಾರಿದೆ. ನೀರು ನನ್ನನ್ನು ಎಳೆದೊಯ್ದು, ಏನನ್ನಿಸಿತೋ ಏನೋ, ಮುಂದೆ ಮರಳಿನ ಮೇಲೆ ಬಿಟ್ಟು ತನ್ನ ಪಾಡಿಗೆ ಹೋಯಿತು. ಇದು ನಾನು ಬರೀ ಕೇಳಿ ತಿಳಿದದ್ದಲ್ಲ, ನನಗೆ ನೆನಪಿತ್ತು. ಕಣ್ಣು ಮುಚ್ಚಿದರೆ ರಾಡಿ ನೀರು, ಮೂಗಿನೊಳಗೆ ಉರಿ, ಮೇಲೆ ಎಲ್ಲೋ ಅವ್ವನ ಹಸಿರು ಬಳೆ. ಹಲ್ಲಿನ ಸಂದಿಯಲ್ಲಿ ಮರಳು ಕರಕರ ಎಂದದ್ದೂ ನೆನಪಿತ್ತು.

ಇದರಿಂದ ಮನೆಯಲ್ಲಿ ನನ್ನ ಕಿಮ್ಮತ್ತೇ ಬೇರೆ. ಬೀಗರು ನೆಂಟರು ಬಂದರೆ ಅವ್ವ ನನ್ನನ್ನು ಕರೆದು ಮುಂದೆ ನಿಲ್ಲಿಸಿ, "ಹೊಳಿ ತಿರುಗಿ ಕೊಟ್ಟ ಮಗ ಇವ" ಎನ್ನುತ್ತಿದ್ದಳು. ಬಂದವರು ಲೊಚಗುಟ್ಟಿ ತಲೆ ಸವರುತ್ತಿದ್ದರು. ಪರೀಕ್ಷೆಯಲ್ಲಿ ನಪಾಸಾದಾಗಲೂ ಅಪ್ಪ ನನ್ನ ಮೇಲೆ ಕೈ ಎತ್ತಲಿಲ್ಲ. ನಾನಂತೂ ಅದರ ಮೇಲೆ ಭರ್ಜರಿ ಮೆರೆದೆ. ಯಾರಾದರೂ ಹೆದರಿಸಿದರೆ, ಹೊಳೆಯೇ ನನ್ನನ್ನು ಏನೂ ಮಾಡಲಿಲ್ಲ, ಇವನ್ಯಾವ ಲೆಕ್ಕ ಎಂದುಕೊಳ್ಳುತ್ತಿದ್ದೆ. ಕೆಲಸ ಸಿಗದೆ ಅಲೆದಾಡಿದ ದಿನಗಳಲ್ಲೂ, ಒಂದು ಹುಡುಗಿ ಬೇಡ ಎಂದು ಹೋದಾಗಲೂ ನನ್ನನ್ನು ಎತ್ತಿ ನಿಲ್ಲಿಸಿದ್ದು ಅದೇ ಮಾತು. ಒಂದು ಇಡೀ ಹೊಳೆ ನನ್ನನ್ನು ಬೇಕೆಂದು ಉಳಿಸಿದೆ, ಸುಮ್ಮನೆ ಉಳಿಸಿರಲಾರದು ಎಂದು ನಂಬಿದ್ದೆ.

ಮುಂದೆ ಅಪ್ಪನಿಗೆ ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಕೆಲಸವಾಗಿ ನಾವು ಅಲ್ಲಿಗೆ ಬಂದೆವು. ಆದರೂ ವರ್ಷಕ್ಕೊಮ್ಮೆ ಗೂಗಲ್ಲಿಗೆ ಹೋಗುವುದು ತಪ್ಪಲಿಲ್ಲ. ಗುಡಿಯಲ್ಲಿ ಕಾಯಿ ಒಡೆಸಿ, ದಂಡೆಯ ಮೇಲಿನ ಒಂದು ಬೇವಿನ ಗಿಡದ ಬುಡದಲ್ಲಿ ಅವ್ವ ಹೋಳಿಗೆಯ ಎಡೆ ಇಡುತ್ತಿದ್ದಳು. ಪಕ್ಕದಲ್ಲಿ ಒಂದು ಹೊಸ ಅಂಗಿ, ಒಂದು ಚಡ್ಡಿ. ಅವು ಯಾವಾಗಲೂ ಮೂರು ವರ್ಷದ ಹುಡುಗನ ಅಳತೆಯವು. ನನಗೆ ಮೀಸೆ ಬಂದ ಮೇಲೂ ಅದೇ ಅಳತೆ. ಒಮ್ಮೆ ನಗುತ್ತ, "ಯವ್ವಾ, ಹೊಳಿಗೆ ನಾ ದೊಡ್ಡಾಂವ ಆಗೀನಿ ಅಂತ ಯಾರೂ ಹೇಳಿಲ್ಲೇನು?" ಎಂದು ಕೇಳಿದ್ದೆ. "ಹೊಳಿಗೆ ಆ ಅಳತಿ ಅಷ್ಟ ನೆನಪದ" ಎಂದಳು. ಬರೋಬ್ಬರಿ ಮಾತು ಎನ್ನಿಸಿತು. ಅಲ್ಲಿಯೇ ಗಿಡದ ನೆರಳಿಗೆ ಕುಳಿತು ತುಪ್ಪ ಸುರಿದುಕೊಂಡು ಹೋಳಿಗೆ ತಿಂದೆ.

ಕಳೆದ ವರ್ಷ ಅವ್ವ ಕಣ್ಣಿನ ಪೊರೆ ತೆಗೆಸಲು ರಾಯಚೂರಿಗೆ ಬಂದಳು. ಆಪರೇಷನ್ ಆದ ಮೇಲೆ ಡ್ರಾಪ್ಸ್ ಹಾಕುವವರು ಬೇಕೆಂದು ನನ್ನ ರೂಮಿನಲ್ಲೇ ಉಳಿದಳು. ಒಲೆಯ ಮುಂದೆ ನಿಲ್ಲುವಂತಿಲ್ಲ, ಬಗ್ಗುವಂತಿಲ್ಲ, ಕಣ್ಣಲ್ಲಿ ನೀರು ತರುವಂತಿಲ್ಲ. ಖಾನಾವಳಿಯಿಂದ ರೊಟ್ಟಿ ತಂದು ಕೊಟ್ಟರೆ, ಮುರಿದು ನೋಡಿ, "ಇದನ್ನ ಯಾರು ಬಡಿದಾರ, ಅವರಿಗೆ ಸಿಟ್ಟಿತ್ತೇನು?" ಎನ್ನುವಳು. ಬೇಜಾರು ತಡೆಯಲಾಗದೆ ಕಣ್ಣಿಗೆ ಕರೀ ಚಾಳೀಸು ಹಾಕಿಕೊಂಡು ನನ್ನ ಪಕ್ಕ ಮಂಚದ ಮೇಲೆ ಕುಳಿತು ನಾನು ಆಡುವುದನ್ನು ನೋಡತೊಡಗಿದಳು.

ಮೊದಲ ದಿನ ಅರ್ಧ ತಾಸು ನೋಡಿ ಕೇಳಿದಳು: "ಇವ ಯಾರ ಮಗ?"

"ಗಂಟಿ ಬಾರಸಾಂವನ ಮಗ."

"ಆವಾಗಿಂದ ಓಡಾಕತ್ಯಾನ. ಉಂಡಾನೇನು?"

"ಯವ್ವಾ, ಅವ ಗೊಂಬಿ."

"ಗೊಂಬಿ ಆದ್ರ ಹೊಟ್ಟಿ ಇರಂಗಿಲ್ಲೇನು?"

ಅವಳ ಕಾಟಕ್ಕೆ ನಾನು ಯುದ್ಧ ಬಿಟ್ಟು ಅವನನ್ನು ಒಂದು ಛತ್ರಕ್ಕೆ ಕರೆದೊಯ್ದು ಊಟ ಮಾಡಿಸಿದೆ. ಆಟದಲ್ಲಿ ಅದಕ್ಕೂ ಒಂದು ಗುಂಡಿ ಇತ್ತು. ಅಂದಿನಿಂದ ಅದು ಅವಳ ಧಾರಾವಾಹಿಯಾಯಿತು. ನಾನು ಲ್ಯಾಬಿನಿಂದ ಬರುತ್ತಿದ್ದಂತೆ, "ಆ ಹುಡುಗ ಎಲ್ಲಿಗೆ ಬಂದ?" ಎನ್ನುವಳು. ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ನಾನು ನಮ್ಮ ಮಾತಿಗೆ ತಿರುಗಿಸಿ ಹೇಳುತ್ತಿದ್ದೆ. ಹಗ್ಗ ಹಿಡಿದು ಜೋತುಬಿದ್ದ ಭಾಗ ಬಂದಾಗ ಅವಳು ನನ್ನ ತಲೆಯ ಮೇಲೆ ಕೈ ಇಟ್ಟು, "ನಿನ್ನಂಗ ಅದಾನ ನೋಡು ಇವ. ನೀನೂ ಹಿಂಗ ಬಂದಾಂವ" ಎಂದಳು. ನನಗೆ ಎಷ್ಟು ಖುಷಿಯಾಯಿತೆಂದರೆ ಮುಂದಿನ ಕಾಳಗದಲ್ಲಿ ಸುಮ್ಮಸುಮ್ಮನೆ ಸೋತೆ.

ಒಂದು ಭಾನುವಾರ ಮಧ್ಯಾಹ್ನ, ಮಂಡಾಳ ಒಗ್ಗರಣೆ ತಿಂದು ಚಹಾ ಕುಡಿದು ಕುಳಿತೆವು. ನಾಯಕ ಕಡೆಗೂ ಸುಟ್ಟ ಕೋಟೆಗೆ ಬಂದಿದ್ದ. ಅಲ್ಲಿ ಒಬ್ಬ ಮುದುಕಿ ಕಟ್ಟಿಗೆ ಆರಿಸುತ್ತಿದ್ದಾಳೆ. ಇವನು ಎಂದಿನಂತೆ, ನಾನು ಗಂಟೆಯವನ ಮಗ ಎನ್ನುತ್ತಾನೆ. ಮುದುಕಿ ಕಟ್ಟಿಗೆ ಕೆಳಗಿಡುತ್ತಾಳೆ. ಅವಳು ಹೇಳಿದ್ದನ್ನು ನಾನು ಒಂದೊಂದೇ ಸಾಲು ಓದಿ ಅವ್ವನಿಗೆ ಹೇಳಿದೆ. ಗಂಟೆಯವನ ಮಗ ಹಗ್ಗ ಹಿಡಿದದ್ದು ಖರೆ. ಹಗ್ಗ ಸುಟ್ಟು ಹರಿಯಿತು. ಅವನು ಅಂದೇ ಸತ್ತ. ನೀನು ಹುಟ್ಟಿದ್ದು ಆಮೇಲೆ, ಉಳಿದವರು ಓಡಿಹೋಗಿ ಬಿಡಾರ ಹಾಕಿದ ಅಡವಿಯಲ್ಲಿ. ನಮಗೆ ಅವನು ಬೇಕಾಗಿದ್ದ. ಅವನ ಕಥೆಯನ್ನು ನಿನಗೆ ಹೇಳಿದೆವು. ಹೇಳಿ ಹೇಳಿ ಅದು ನಿನಗೆ ನೆನಪಾಯಿತು.

ನಾನು ಗುಂಡಿ ಒತ್ತಿದೆ. ಅವನು ಕತ್ತಿ ಹಿರಿಯಲಿಲ್ಲ. ಓಡುವ ಗುಂಡಿ ಒತ್ತಿದೆ, ಓಡಲಿಲ್ಲ. ಮೂಲೆಯಲ್ಲಿ ಸದಾ ಇರುತ್ತಿದ್ದ ಅವನ ಹೆಸರು ಅಳಿಸಿಹೋಯಿತು. ಅವನ ನೆನಪಿನ ಬಲದಿಂದ ಕೂಡಿಸಿಟ್ಟ ಶಕ್ತಿಯೆಲ್ಲ ಸೊನ್ನೆಗೆ ಬಂತು. ಸುಟ್ಟ ಗೋಡೆಯ ಮುಂದೆ ಕೈ ಇಳಿಬಿಟ್ಟು ನಿಂತುಬಿಟ್ಟ. ನನಗೆ ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿದ್ದದ್ದನ್ನು ಮಂಚದ ಮೇಲೆ ಒಗೆದೆ. ಇಷ್ಟು ದಿನ ನಾನು ಯಾರ ಜೊತೆಗಿದ್ದೆ? ಯಾರ ಸಲುವಾಗಿ ಹೊಡೆದಾಡಿದೆ? ಆಟ ಮಾಡಿದವರು ನನ್ನ ಕಿವಿಯ ಮೇಲೆ ಹೂ ಇಟ್ಟಿದ್ದರು.

"ಎಂಥಾ ಹಲ್ಕಟ್ ಮಂದಿ ನೋಡು ಯವ್ವಾ" ಎಂದೆ. "ಸತ್ತಾಂವನ ಕಥಿ ಹೇಳಿ ಇರೋ ಹುಡುಗನ್ನ ಮಂಗ ಮಾಡಿಬಿಟ್ರು."

"ಹಂಗ್ಯಾಕ ಅಂತಿ?" ಎಂದಳು ಅವ್ವ. ದನಿ ಬೇರೆಯಾಗಿತ್ತು. "ಅವರದೇನು ತಪ್ಪು?"

"ತಪ್ಪಿಲ್ಲೇನು? ಸುಳ್ಳು ಹೇಳ್ಯಾರ."

"ಸುಳ್ಳಲ್ಲ. ಹೋದಾಂವ ತಿರುಗಿ ಬಂದಾನ ಅಂತ ತಿಳಕೊಂಡ್ರು. ಕೂಸು ಬಂದು ಕೇಳಿತು, ತಾವು ತಿಳಕೊಂಡಿದ್ದು ಹೇಳಿದ್ರು. ಮತ್ತೇನು ಹೇಳಬೇಕಿತ್ತು ಕೂಸಿಗೆ?"

"ಕೂಸು ಎಲ್ಲಿ ಕೇಳಿತು ಯವ್ವಾ? ಇದರಾಗ ಆ ಮಾತ ಇಲ್ಲ."

ಕರೀ ಚಾಳೀಸಿನ ಕೆಳಗಿಂದ ನೀರು ಇಳಿಯುತ್ತಿತ್ತು. ಅಳಬಾರದು, ಹೊಲಿಗೆ ಹಾಕಿದ ಕಣ್ಣು ಎಂದು ನಾನು ಗಾಬರಿಯಿಂದ ಹತ್ತಿ ತಂದೆ. ನನ್ನ ಕೈ ಸರಿಸಿ, "ಅದನ್ನ ಬಂದ್ ಮಾಡು" ಎಂದಳು. ಸಂಜೆ ಅಪ್ಪನಿಗೆ ತಾನೇ ಫೋನು ಹಚ್ಚಿ, "ನನ್ನ ಕರಕೊಂಡು ಹೋಗ್ರಿ" ಎಂದದ್ದು ಕೇಳಿಸಿತು. ಮರುದಿನ ಅಪ್ಪ ಬಂದು ಮಾನ್ವಿಯ ಬಸ್ಸು ಹತ್ತಿಸಿಕೊಂಡು ಹೋದ. ಏನಾಯಿತೆಂದು ಅವನೂ ಕೇಳಲಿಲ್ಲ. ಕೇಳದೇ ಇದ್ದದ್ದೇ ನನಗೆ ವಿಚಿತ್ರವಾಗಿ ಕಂಡಿತು.

ಅಂದು ಕೆಲಸದಿಂದ ಬಂದು ಆಟ ಹಚ್ಚಿದೆ. ನಾಯಕ ಅಲ್ಲೇ ನಿಂತಿದ್ದ. ಒಂದು ಖಾಲಿ ಡಬ್ಬಿಯಂಥ ಚೌಕ ಬಂದು, ಇವನನ್ನು ಇನ್ನು ಏನೆಂದು ಕರೆಯುತ್ತೀರಿ ಎಂದು ಕೇಳಿತು. ಹೆಸರು ಕೊಡದೆ ಆಟ ಮುಂದೆ ಹೋಗುವುದಿಲ್ಲ. ನನಗೆ ಒಂದು ಅಕ್ಷರವೂ ಹೊಳೆಯಲಿಲ್ಲ. ಕೂಸು ಬಂದು ಕೇಳಿತು ಎಂಬ ಅವ್ವನ ಮಾತೇ ತಲೆಯಲ್ಲಿ ಗುಂಯ್ ಎನ್ನುತ್ತಿತ್ತು. ಯಾವ ಕೂಸು? ಏನು ಕೇಳಿತು?

ಆ ವಾರ ರಜೆ ಹಾಕಿ ದೇವದುರ್ಗದ ಬಸ್ಸು ಹತ್ತಿದೆ. ಅವ್ವನ ಅಕ್ಕ, ನನ್ನ ದೊಡ್ಡವ್ವ, ಅಲ್ಲಿಯೇ ಹಳೆಯ ಓಣಿಯಲ್ಲಿ ಇರುತ್ತಾಳೆ. ನಾನು ಹುಟ್ಟಿದ್ದು ಅವಳ ಕೈಯಲ್ಲಿ. ಪಡಸಾಲೆಯಲ್ಲಿ ಕುಳಿತು ಪುಂಡಿಸೊಪ್ಪು ಬಿಡಿಸುತ್ತಿದ್ದಳು. ದಾರಿಯುದ್ದಕ್ಕೂ ಹೇಗೆ ಕೇಳಲಿ ಎಂದು ಯೋಚಿಸಿ, ನೆಟ್ಟಗೆ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ ಎಂದು ಗೊತ್ತಾಗಿ, ಒಂದು ಕಲ್ಲು ಒಗೆದು ನೋಡೋಣ ಎಂದುಕೊಂಡಿದ್ದೆ. ನೀರು ಕುಡಿದು ತಂಬಿಗೆ ಕೆಳಗಿಟ್ಟು ಹೇಳಿದೆ: "ದೊಡ್ಡವ್ವಾ, ಅವ್ವ ಎಲ್ಲಾ ಹೇಳ್ಯಾಳ."

ಸೊಪ್ಪಿನ ದಂಟು ಅವಳ ಕೈಯಲ್ಲೇ ಉಳಿಯಿತು. "ಹೇಳಿದ್ಲಾ?" ಎಂದಳು. ಒಂದು ದೊಡ್ಡ ಉಸಿರು ಬಿಟ್ಟಳು. "ಒಳ್ಳೇದಾತು ತಗೋ. ನನ್ನ ಎದಿ ಮ್ಯಾಲಿನ ಭಾರ ಇಳೀತು. ಪಾಪ, ಆ ಕೂಸಿನ ಹೆಸರು ಎತ್ತಾಕೂ ಇಷ್ಟು ವರ್ಷ ಹೆದರಿ ಸತ್ತೀವಿ."

ಎಲ್ಲ ಗೊತ್ತಿದ್ದವನಂತೆ ನಾನು ತಲೆಯಾಡಿಸುತ್ತ ಕುಳಿತೆ. ಅವಳು ಸೊಪ್ಪು ಬಿಡಿಸುತ್ತಲೇ ಎಲ್ಲವನ್ನೂ ಹೇಳಿದಳು. ಹೊಳೆಗೆ ಬಿದ್ದದ್ದು ನಾನಲ್ಲ, ನನ್ನ ಅಣ್ಣ. ನನಗೆ ಒಬ್ಬ ಅಣ್ಣನಿದ್ದ ಎಂಬುದೇ ನನಗೆ ಗೊತ್ತಿರಲಿಲ್ಲ. ಹೊಳೆ ಅವನನ್ನು ಬಿಟ್ಟುಕೊಡಲಿಲ್ಲ. ಮರುದಿನ ಹೆಣವಾಗಿ ಸಿಕ್ಕ.

"ಅವ ಹೋಗಿ ವರ್ಷ ತುಂಬೂದ್ರಾಗ ನೀ ಹುಟ್ಟಿದಿ" ಎಂದಳು. "ಅವನ ಹೆಸರ ಇಟ್ರು. ಹೋದಾಂವ ತಿರುಗಿ ಬಂದಾನ ಅಂತ ನಮ್ಮ ಮಂದ್ಯಾಗ ಹಂಗ ಇಡ್ತಾರ, ಹೊಸಾದೇನಲ್ಲ. ಇಟ್ಟ ಮ್ಯಾಲ ಹೋದಾಂವನ ಮಾತು ಆ ಕೂಸಿನ ಮುಂದ ಎತ್ತಬಾರದು. ಎತ್ತಿದ್ರ ಇದೂ ಹೋಗ್ತದ ಅಂತಾರ. ಅದಕ್ಕ ಎಲ್ಲಾರೂ ಬಾಯಿ ಕಟ್ಟಿಕೊಂಡ್ವಿ."

"ಮತ್ತ ನಾ ಬಿದ್ದೆ ಅಂತ ಯಾಕ ಹೇಳಿದ್ರಿ?"

"ನಾವೆಲ್ಲಿ ಹೇಳಿದ್ವಿ? ನೀ ಸಣ್ಣಾಂವ ಇದ್ದಿ, ಓಣ್ಯಾಗ ಆಡಾಕ ಹೋಗಿದ್ದಿ. ಯಾವುದೋ ಹುಡುಗ ನಿನ್ನ ಹೆಸರು ಹಿಡಿದು, ನೀ ಹೊಳ್ಯಾಗ ಸತ್ತೀದಿ, ನಮ್ಮವ್ವ ಹೇಳ್ಯಾಳ ಅಂದಿತು. ಹೆಸರು ಇಬ್ಬರದೂ ಒಂದ ಅಲ್ಲೇನು, ಅದಕ್ಕೇನು ತಿಳೀತದ. ನೀ ಅಳಕೋತ ಬಂದು, ಯವ್ವಾ ನಾ ಸತ್ತೀನೇನು ಅಂದಿ. ಆಕಿ ಏನು ಹೇಳಬೇಕು? ಹೋಗಿದ್ದಿ, ತಿರುಗಿ ಬಂದಿ ಅಂದ್ಲು. ಅಷ್ಟಕ್ಕ ನಿಲ್ತದ ಅಂತ ಮಾಡಿದ್ವಿ. ನೀ ದಿನಾ ಕೇಳಾಕ ಹತ್ತಿದಿ, ಹೆಂಗ ಬಿದ್ದೆ, ನೀರು ಹೆಂಗಿತ್ತು ಅಂತ. ಆಕಿ ದಿನಾ ಹೇಳಾಕ ಹತ್ತಿದ್ಲು. ಹೇಳಿದಂಗೆಲ್ಲಾ ಆಕಿ ಮಾರಿ ಮ್ಯಾಲ ಕಳಾ ಬಂತು. ನಗಾಕ ಹತ್ತಿದ್ಲು. ಅದನ್ನ ನೋಡಿ ನಾವು ಸುಮ್ಮನಾದ್ವಿ. ಓಣಿ ಮಂದಿ ಬಾಯಿ ಹಿಡಿಯಾಕ ಆಗಂಗಿಲ್ಲ ಅಂತ ನಿಮ್ಮಪ್ಪ ಮಾನ್ವಿಗೆ ಮನಿ ಮಾಡಿದ."

"ಅವನ್ನ ಎಲ್ಲಿ ಮಣ್ಣು ಮಾಡ್ಯಾರ?"

ದೊಡ್ಡವ್ವ ನನ್ನನ್ನು ವಿಚಿತ್ರವಾಗಿ ನೋಡಿದಳು. "ಬೇವಿನ ಗಿಡದ ಬುಡಕ್ಕ. ವರ್ಷಾ ಹೋಗ್ತೀರಲ್ಲ" ಎಂದಳು. ಅವ್ವ ಹೇಳಿರಲಿಲ್ಲ ಎಂಬುದು ಆಗ ಅವಳಿಗೆ ತಿಳಿಯಿತು. ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಎದ್ದು ಬಂದೆ. ಹಿಂದಿನಿಂದ "ಒಂದು ತುತ್ತು ಉಂಡು ಹೋಗೋ ಯಪ್ಪಾ" ಎಂದು ಕೂಗಿದಳು, ತಿರುಗಿ ನೋಡಲಿಲ್ಲ.

ಸಿರವಾರ ಹಾಯ್ದು ಮಾನ್ವಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕುಳಿತೆ. ಗದ್ದೆ, ಕಾಲುವೆ, ಮತ್ತೆ ಗದ್ದೆ. ಅಣ್ಣ ಸತ್ತದ್ದಕ್ಕೆ ಅಳು ಬರಲಿಲ್ಲ, ಸುಳ್ಳು ಹೇಳಲಾರೆ. ಬಂದದ್ದು ಸಿಟ್ಟು. ಊರಿಗೆ ಊರೇ ನನ್ನ ಬೆನ್ನ ಹಿಂದೆ ಒಂದಾಗಿತ್ತು. ಲೊಚಗುಟ್ಟಿ ತಲೆ ಸವರಿದ ಬೀಗರೆಲ್ಲ ನನ್ನ ತಲೆಯನ್ನು ಸವರಿರಲಿಲ್ಲ. ಅಪ್ಪ ಕೈ ಎತ್ತದೆ ಇದ್ದದ್ದು ನನ್ನ ಮೇಲಿನ ಮಮತೆಯಿಂದಲ್ಲ. ಅವನ ಮಣ್ಣಿನ ಮೇಲೆ ಕುಳಿತು ನಾನು ತುಪ್ಪ ಸುರಿದುಕೊಂಡು ಹೋಳಿಗೆ ತಿಂದಿದ್ದೆ, ಅದನ್ನು ಎಲ್ಲರೂ ನೋಡಿದ್ದರು. ನಮ್ಮ ಲ್ಯಾಬಿನಲ್ಲಿ ಒಂದೇ ಹೆಸರಿನ ಎರಡು ನಳಿಕೆ ಬಂದರೆ ವಯಸ್ಸು ಬರೆ, ತಂದೆಯ ಹೆಸರು ಬರೆ ಎಂದು ಪ್ರಾಣ ತಿನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡು ಮಕ್ಕಳನ್ನು ಒಂದೇ ಹೆಸರಿನಲ್ಲಿ ಕಲಸಿ ಇಟ್ಟು ಆರಾಮವಾಗಿದ್ದರು. ಅದಕ್ಕೇ ಇಲ್ಲಿ ನಾನು ನನ್ನ ಹೆಸರು ಬರೆದಿಲ್ಲ. ಬರೆದರೆ ಯಾರದನ್ನು ಬರೆದ ಹಾಗಾಯಿತು?

ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ಆ ನೀರಿಗಾಗಿ. ಕಣ್ಣು ಮುಚ್ಚಿದರೆ ಇನ್ನೂ ಕಾಣುತ್ತಿತ್ತು. ರಾಡಿ ನೀರು, ಬಳೆ, ಮರಳು. ನಾನು ಆ ನೀರಿಗೆ ಬಿದ್ದಿರಲೇ ಇಲ್ಲ. ಯಾವ ಹೊಳೆಯೂ ನನ್ನನ್ನು ಬೇಕೆಂದು ಉಳಿಸಿರಲಿಲ್ಲ. ಹಾಗಾದರೆ ಕೆಲಸವಿಲ್ಲದೆ ಅಲೆದಾಗ ನನ್ನನ್ನು ಎತ್ತಿ ನಿಲ್ಲಿಸಿದ್ದು ಯಾರ ಧೈರ್ಯ? ಅದನ್ನು ಕಳೆದರೆ ನನ್ನದು ಎಂದು ಏನು ಉಳಿಯುತ್ತದೆ? ನೀರಮಾನ್ವಿಯ ಕಡೆಯ ಒಬ್ಬ ಮುದುಕ ಪಕ್ಕದಲ್ಲಿದ್ದ. "ಯಾಕ್ರಿ, ಆರಾಮ ಇಲ್ಲೇನು?" ಎಂದು ಕೇಳಿದ. ಅವನ ಮೇಲೂ ಹರಿಹಾಯ್ದೆ.

ಮನೆ ಮುಟ್ಟಿದಾಗ ಅಪ್ಪ ಗಿರಣಿಯಿಂದ ಊಟಕ್ಕೆ ಬಂದಿದ್ದ, ಅಂಗಿಯ ಮೇಲೆಲ್ಲ ತೌಡಿನ ಧೂಳು. ದೊಡ್ಡವ್ವ ಅಷ್ಟರಲ್ಲಿ ಫೋನು ಮಾಡಿದ್ದಳು. ಅವ್ವ ಗೋಡೆಗೆ ಒರಗಿ ಕುಳಿತಿದ್ದಳು. ನಾನು ಚಪ್ಪಲಿ ಬಿಡುತ್ತಲೇ ಶುರು ಮಾಡಿದೆ. ಏನೇನೆಂದೆನೋ ಎಲ್ಲ ನೆನಪಿಲ್ಲ. ನೀವು ನನ್ನನ್ನು ಸಾಕಲಿಲ್ಲ, ಅವನನ್ನು ಸಾಕಿದಿರಿ ಎಂದೆ. ನನಗೆ ಅನ್ನ ಹಾಕಿ ಅವನ ಹೊಟ್ಟೆ ತುಂಬಿಸಿದಿರಿ ಎಂದೆ. ಅಪ್ಪ "ಲೇ, ಸಾಕು" ಎಂದ. "ನೀ ಸುಮ್ಮನಿರಪ್ಪಾ, ನೀನೂ ಅದರಾಗಿನಾಂವ" ಎಂದೆ. ಹುಟ್ಟಿದಾಗಿನಿಂದ ಅಪ್ಪನಿಗೆ ಹಾಗೆ ಎದುರಾಡಿರಲಿಲ್ಲ. ಅವನು ತಾಟು ಸರಿಸಿ ತಲೆ ತಗ್ಗಿಸಿದ.

ಕೂಗಾಡಿ ಕೂಗಾಡಿ ದನಿ ಹೋಯಿತು. ಅವ್ವನ ಮುಂದೆ ಕುಳಿತೆ. ಕೇಳಬೇಕಾದದ್ದು ಕಡೆಗೆ ಒಂದೇ ಇತ್ತು.

"ನಂದು ಅಂತ ಒಂದು ಹೇಳು ಯವ್ವಾ" ಎಂದೆ. "ನಾ ಸಣ್ಣಾಂವ ಇದ್ದಾಗಿಂದು. ಅವಂದಲ್ಲ, ನಂದು. ಒಂದ ಒಂದು ಹೇಳು, ನಾ ಸುಮ್ಮನ ಹೊಕ್ಕೀನಿ."

ಅವಳು ಯೋಚಿಸಿದಳು. ಮುಖ ಸ್ವಲ್ಪ ಅರಳಿತು. "ಬೆಲ್ಲದ ಡಬ್ಬ್ಯಾಗ ಕೈ ಹಾಕಿ, ಕೈ ಸಿಕ್ಕೊಂಡು, ಡಬ್ಬಿ ಎಳಕೋತ ಅಂಗಳಕ್ಕ ಬಂದಿದ್ದಿ" ಎಂದಳು.

ಅಪ್ಪ ತಲೆ ಎತ್ತದೆ, "ಅದು ದೊಡ್ಡಾಂವಂದು" ಎಂದ.

"ಆಕಳ ಕರು ನೆಕ್ಕಿತು ಅಂತ, ನೀನೂ ತಿರುಗಿ ಅದನ್ನ ನೆಕ್ಕಿದ್ದಿ."

ಅಪ್ಪ ಇಲ್ಲವೆಂದು ತಲೆ ಆಡಿಸಿದ. "ಕರು ಇದ್ದದ್ದು ದೇವದುರ್ಗದಾಗ. ಇವ ಹುಟ್ಟೂದ್ರಾಗ ಮಾರಿದ್ವಿ."

ಅವಳು ಮತ್ತೊಂದು ಹೇಳಲು ಬಾಯಿ ತೆರೆದಳು, ತಾನೇ ನಿಲ್ಲಿಸಿದಳು. ಇನ್ನೊಂದು ಹುಡುಕಿದಳು. ಅವಳ ತುಟಿ ಅಲುಗುವುದು, ನಿಲ್ಲುವುದು ನನಗೆ ಕಾಣುತ್ತಿತ್ತು. ನನಗೆ ಮೋಸ ಮಾಡಲು ಅವಳು ಏನನ್ನೂ ಬಚ್ಚಿಟ್ಟಿರಲಿಲ್ಲ. ಅವಳಿಗೇ ಬೇರೆ ಬೇರೆ ಮಾಡಲು ಬರುತ್ತಿರಲಿಲ್ಲ.

ಕಡೆಗೆ ಅವಳು ಅಪ್ಪನ ಕಡೆ ನೋಡಿ, ಆಮೇಲೆ ನನ್ನ ಕಡೆ ನೋಡಿದಳು. "ಒಂದು ಅದ" ಎಂದಳು. "ಅದು ನಿಂದ."

"ಹೇಳು."

"ನೀ ಹುಟ್ಟಿದಾಗ ನಾ ನಿನ್ನ ಮಾರಿ ನೋಡಲಿಲ್ಲ. ಗ್ವಾಡಿ ಕಡಿಗೆ ಹೊಳ್ಳಿ ಮಲಗಿದ್ದೆ. ನೀ ಅಳತಿದ್ದಿ. ನಿಮ್ಮ ದೊಡ್ಡವ್ವ ಅರಿವಿ ಬತ್ತಿ ಅದ್ದಿ ನಿನ್ನ ಬಾಯಾಗ ಹಾಲು ಹಾಕತಿದ್ಲು. ಎಲ್ಲಾರೂ ಬೈದ್ರು, ನಿಮ್ಮಪ್ಪ ಕೈ ಮುಗಿದ. ನಾ ಹೊಳ್ಳಲಿಲ್ಲ. ತೊಟ್ಲಾಗ ಹಾಕೋ ದಿನ ನಿಮ್ಮಜ್ಜಿ ನಿನ್ನ ಕಿವ್ಯಾಗ ಅವನ ಹೆಸರು ಕರದ್ಲು. ಅದನ್ನ ಕೇಳಿ ಎದ್ದು ಕುಂತೆ. ಆವಾಗ ಎತ್ಕೊಂಡೆ."

"ಬ್ಯಾರೆ ಹೆಸರು ಇಟ್ಟಿದ್ರ?"

ಅವಳು ಸುಳ್ಳು ಹೇಳಬಹುದಿತ್ತು. ಎತ್ತಿಕೊಳ್ಳುತ್ತಿದ್ದೆ ಎಂದಿದ್ದರೆ ನಾನು ನಂಬಿಬಿಡುತ್ತಿದ್ದೆ. ನಂಬಲು ಕಾದು ಕುಳಿತಿದ್ದೆ. ಅವಳು ಸೆರಗಿನ ಅಂಚು ಬೆರಳಿಗೆ ಸುತ್ತತೊಡಗಿದಳು. ಅಪ್ಪ ಎದ್ದು ಕೈ ತೊಳೆಯಲು ಹೊರಗೆ ಹೋದ.

ಹುಟ್ಟಿದ ದಿನದಿಂದ ತೊಟ್ಟಿಲಿಗೆ ಹಾಕುವ ದಿನದವರೆಗೆ ಆ ಮನೆಯ ಮೂಲೆಯಲ್ಲಿ ಅಳುತ್ತ ಬಿದ್ದಿದ್ದ, ಇನ್ನೂ ಹೆಸರಿಡದ ಆ ಕೂಸು ಮಾತ್ರ ನಾನು. ಅದನ್ನು ಅವಳು ಎತ್ತಿಕೊಂಡಿರಲಿಲ್ಲ.